ಲೈಸಿಯಂನ ಹೆನ್ರಿ ಇರ್ವಿಂಗ್

ನಟನಾಗಬಯಸುವವನಿಗೆ ಪ್ರಕೃತಿಯು ಕೊಟ್ಟಿರಬೇಕಾದ ವರಗಳೆಂದು ನಾವು ಸಾಮಾನ್ಯವಾಗಿ ಎಣಿಸುವ ತುಂಬುಕಂಠ, ಸ್ಫುಟವಾದ ಉಚ್ಚಾರಣೆ, ಲಲಿತವಾದ ನಡಿಗೆ, ಕಣ್ಸೆಳೆಯುವ ಅಂಗಸೌಷ್ಠವ ಇವುಗಳಲ್ಲಿ ಒಂದನ್ನಾದರೂ ನೆಟ್ಟಗೆ ಪಡೆಯದೆ ಹುಟ್ಟಿದ ಮನುಷ್ಯನೊಬ್ಬನು, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷ್ ರಂಗಭೂಮಿಯನ್ನು ಏಕಚ್ಛತ್ರವಾಗಿ ಆಳಿದನೆಂದರೆ, ಅಭಿನಯವು ನಟನ ಶರೀರದಲ್ಲಿ ಎಲ್ಲಿ ನೆಲಸಿದೆಯೆಂಬ ಪ್ರಶ್ನೆಯನ್ನು ನಾವು ಮೊದಲಿನಿಂದ ಕೇಳಿಕೊಳ್ಳಬೇಕಾಗುತ್ತದೆ. ಹೆನ್ರಿ ಇರ್ವಿಂಗನ ಕಾಲುಗಳು ತೀರ ತೆಳ್ಳಗಿದ್ದವು; ನಡೆಯುವಾಗ ಒಂದು ಕಾಲನ್ನು ಎಳೆದುಹಾಕುವನೆಂದು ಪರಿಹಾಸಪತ್ರಿಕೆಗಳು ಹಾಸ್ಯಚಿತ್ರ ಬರೆದವು; ಸ್ವರಾಕ್ಷರಗಳನ್ನು ಅವನು ಉಚ್ಚರಿಸುತ್ತಿದ್ದ ರೀತಿಯು ಇಂಗ್ಲಿಷರಿಗೇ ವಿಚಿತ್ರವಾಗಿ ಕೇಳಿಸುತ್ತಿತ್ತು; ಕೋಪಾವೇಶದ ಸನ್ನಿವೇಶಗಳಲ್ಲಿ ಕಂಠವು ಸೋತುಹೋಗುತ್ತಿತ್ತು. ವಿಲಿಯಂ ಆರ್ಚರನೆಂಬ ತರುಣ ವಿಮರ್ಶಕನು 1877ರಲ್ಲಿ ಗೆಳೆಯನೊಡಗೂಡಿ ಈ ದೋಷಗಳನ್ನೆಲ್ಲ ಪಟ್ಟಿಮಾಡಿದ ಒಂದು ಕಿರುಹೊತ್ತಗೆಯನ್ನೇ ಪ್ರಕಟಿಸಿದನು. ಆರ್ಚರನು ಬರೆದುದು ಬಹುಮಟ್ಟಿಗೆ ಸತ್ಯವೇ ಆಗಿತ್ತು; ಆದರೆ ಅದನ್ನು ಓದಿ ನಕ್ಕವರೇ ಮರುದಿನ ಸಂಜೆ ಇರ್ವಿಂಗನ ನಾಟಕಕ್ಕೆ ಟಿಕೆಟ್ಟು ಕೊಳ್ಳಲು ನಿಲ್ಲುತ್ತಿದ್ದರು.

ಅವನ ಹುಟ್ಟುಹೆಸರು ಜಾನ್ ಹೆನ್ರಿ ಬ್ರಾಡ್ರಿಬ್. ಸಾಮರ್‌ಸೆಟ್ ಪ್ರಾಂತದ ಕೀಂಟನ್ ಮ್ಯಾಂಡೆವಿಲ್ ಎಂಬ ಹಳ್ಳಿಯಲ್ಲಿ 1838ರ ಫೆಬ್ರವರಿ 6ರಂದು ಹುಟ್ಟಿದ ಈ ಬಾಲಕನನ್ನು, ಬಡತನದ ಕಾರಣದಿಂದ ತಂದೆತಾಯಿಗಳು ಎಳೆಯ ವಯಸ್ಸಿನಲ್ಲಿಯೇ ಕಾರ್ನ್‌ವಾಲಿನಲ್ಲಿದ್ದ ದೊಡ್ಡಮ್ಮನ ಮನೆಗೆ ಕಳುಹಿಸಿದರು. ಆಕೆಯ ಗಂಡನು ಅಲ್ಲಿಯ ಗಣಿಯೊಂದರ ಮೇಲಾಳು. ಗಣಿಗಾರರ ಆ ಒರಟು ಸೀಮೆಯಲ್ಲಿ, ಮೆಥಡಿಸ್ಟ್ ಪಂಥದ ಕಟ್ಟುನಿಟ್ಟಾದ ದೈವಭಕ್ತಿಯ ನಡುವೆ, ಬೈಬಲ್ಲನ್ನೂ ಡಾನ್ ಕ್ವಿಕ್ಸೋಟನ ಕಥೆಯನ್ನೂ ಓದುತ್ತ ಬೆಳೆದ ಹುಡುಗನಿಗೆ ಮಾತು ತೊದಲುತ್ತಿತ್ತು. ಹತ್ತು ಹನ್ನೊಂದರ ವಯಸ್ಸಿನಲ್ಲಿ ಲಂಡನ್ನಿಗೆ ಬಂದು, ಸ್ವಲ್ಪಕಾಲ ಶಾಲೆಗೆ ಹೋಗಿ, ಹದಿಮೂರರಲ್ಲಿ ವಕೀಲರ ಕಚೇರಿಯೊಂದರಲ್ಲಿಯೂ ಅನಂತರ ನಮ್ಮ ದೇಶದೊಡನೆ ವ್ಯಾಪಾರ ನಡೆಸುತ್ತಿದ್ದ ವರ್ತಕರ ಕೋಠಿಯಲ್ಲಿಯೂ ಗುಮಾಸ್ತನಾದನು. ಆ ವರ್ಷಗಳಲ್ಲಿ ಸ್ಯಾಮ್ಯುಯಲ್ ಫೆಲ್ಪ್ಸನು ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ಹ್ಯಾಮ್ಲೆಟನಾಗಿ ಅಭಿನಯಿಸಿದುದನ್ನು ನೋಡಿದಮೇಲೆ ಅವನ ಮನಸ್ಸು ಲೆಕ್ಕದ ಪುಸ್ತಕಗಳಲ್ಲಿ ನಿಲ್ಲಲಿಲ್ಲ. ನಾಟಕಶಾಲೆಯೆಂದರೆ ಪಾಪದ ಮನೆಯೆಂದು ನಂಬಿದ್ದ ತಾಯಿ ಮರುಗಿದಳು. ಮಗನು ಬೇರೊಂದು ಹೆಸರನ್ನು ಧರಿಸಿ ಹೊರಟೇಬಿಟ್ಟನು.

1856ರ ಸೆಪ್ಟೆಂಬರಿನಲ್ಲಿ, ಉತ್ತರ ಇಂಗ್ಲೆಂಡಿನ ಸಂಡರ್ಲೆಂಡ್ ಪಟ್ಟಣದಲ್ಲಿ, ಬುಲ್ವರ್ ಲಿಟ್ಟನ್ನನ ‘ರಿಶಲ್ಯೂ’ ನಾಟಕದ ಒಂದು ಸಣ್ಣ ಪಾತ್ರದಲ್ಲಿ ಅವನ ರಂಗಪ್ರವೇಶವಾಯಿತು. ಕೆಲವೇ ದಿನಗಳಲ್ಲಿ ಮತ್ತೊಂದು ನಾಟಕದಲ್ಲಿ ಮಾತು ಮರೆತು ಓಡಿಹೋದನು, ಪ್ರೇಕ್ಷಕರು ಛೀಗುಟ್ಟಿದರು. ಅಲ್ಲಿಂದ ಮುಂದಿನ ಹತ್ತು ವರ್ಷಗಳು ಊರೂರು ತಿರುಗುವ ನಟನ ವರ್ಷಗಳು. ಎಡಿನ್‌ಬರೋದಲ್ಲಿ ಕಳೆದ ಎರಡೂವರೆ ವರ್ಷಗಳಲ್ಲಿಯೇ ಅವನು ನಾನೂರಕ್ಕೂ ಮಿಕ್ಕ ಪಾತ್ರಗಳನ್ನು ವಹಿಸಿದನೆಂದರೆ ಆ ಕಾಲದ ನಟನ ದುಡಿಮೆ ಎಂತಹುದೆಂದು ಊಹಿಸಬಹುದು. ಡಬ್ಲಿನ್ನಿನಲ್ಲಿ, ಜನಪ್ರಿಯನಾದ ನಟನೊಬ್ಬನನ್ನು ಬಿಡಿಸಿ ಅವನ ಸ್ಥಾನದಲ್ಲಿ ತನ್ನನ್ನು ನೇಮಿಸಿದ್ದಾರೆಂಬುದು ತಿಳಿಯದೆ ರಂಗವನ್ನೇರಿದ ಇರ್ವಿಂಗನನ್ನು ಪ್ರೇಕ್ಷಕರು ವಾರಗಟ್ಟಲೆ, ಬಾಯಿ ತೆರೆಯುವ ಮೊದಲೇ, ಕೂಗಿ ಅಡಗಿಸುತ್ತಿದ್ದರು. ಅವನು ದಿನವೂ ಬಂದು ನಿಂತು, ತನ್ನ ಪಾತ್ರವನ್ನು ಮುಗಿಸಿಯೇ ಹೋಗುತ್ತಿದ್ದನು. ಕೊನೆಗೆ ಜನರೇ ಸೋತು ಚಪ್ಪಾಳೆ ತಟ್ಟಿದರು. ಅವನ ಪ್ರತಿಭೆಯ ಮೂಲವಸ್ತು ಈ ಹಠವೇ ಎಂದು ನನಗೆ ಅನೇಕ ಸಲ ಅನಿಸಿದೆ. ತೊದಲುವ ನಾಲಿಗೆಯನ್ನು ಹಠದಿಂದಲೇ ತಿದ್ದಿಕೊಂಡನು. ಅತಿಯಾಗಿ ತಿದ್ದಿದುದರ ಗುರುತುಗಳೇ ಆ ವಿಚಿತ್ರವಾದ ಉಚ್ಚಾರಣೆಯಲ್ಲಿ ಕೊನೆಯವರೆಗೂ ಉಳಿದುಕೊಂಡುವೋ ಏನೋ.

ಲಂಡನ್ನಿನಲ್ಲಿ ಅವನನ್ನು ಗುರುತಿಸಿದವನು ಎಚ್. ಎಲ್. ಬೇಟ್‌ಮನ್ ಎಂಬ ಅಮೆರಿಕನ್ ವ್ಯವಸ್ಥಾಪಕ. ತನ್ನ ಮಗಳು ಇಸಬೆಲ್ಲಳನ್ನು ನಾಯಿಕೆಯಾಗಿ ಮೆರೆಯಿಸಬೇಕೆಂಬ ಆಸೆಯಿಂದ ಅವನು 1871ರಲ್ಲಿ ಸ್ಟ್ರಾಂಡ್ ಬೀದಿಯ ಬಳಿಯ ಲೈಸಿಯಂ ಮಂದಿರವನ್ನು ಗುತ್ತಿಗೆಗೆ ಹಿಡಿದಿದ್ದನು. ಮೊದಲ ನಾಟಕಗಳು ಬಿದ್ದುಹೋಗಿ ಮಂದಿರಕ್ಕೆ ಬೀಗ ಹಾಕಬೇಕಾದ ಪರಿಸ್ಥಿತಿಯೊದಗಿದಾಗ, ಇರ್ವಿಂಗನು ತನ್ನಲ್ಲಿದ್ದ ಒಂದು ನಾಟಕವನ್ನು ಆಡಿಸುವಂತೆ ಒತ್ತಾಯಿಸಿದನು. ಎರ್ಕ್‌ಮನ್ ಮತ್ತು ಶಾತ್ರಿಯಾನ್ ಎಂಬ ಜೋಡಿ ಫ್ರೆಂಚ್ ಲೇಖಕರ ಕೃತಿಯನ್ನು ಲಿಯೊಪೋಲ್ಡ್ ಲೂಯಿಸನೆಂಬುವನು ಇಂಗ್ಲಿಷಿಗೆ ತಂದಿದ್ದ ಆ ನಾಟಕದ ಹೆಸರು ‘ದಿ ಬೆಲ್ಸ್’. ಬೇಟ್‌ಮನ್ನನಿಗೆ ಅದರಲ್ಲಿ ನಂಬಿಕೆಯಿರಲಿಲ್ಲ. 1871ರ ನವೆಂಬರ್ 25ರಂದು ಅದರ ಮೊದಲ ಪ್ರದರ್ಶನವಾಯಿತು, ಮಂದಿರ ತುಂಬಿರಲಿಲ್ಲ.

ಕಥೆಯು ಬಹಳ ಸರಳವಾದುದು. ಅಲ್ಸಾಸಿನ ಹಿಮಾವೃತವಾದ ಗ್ರಾಮದಲ್ಲಿ ಮಥಿಯಾಸನೆಂಬ ಗೌರವಾನ್ವಿತನಾದ ಊರಧ್ಯಕ್ಷನಿದ್ದಾನೆ. ಹದಿನೈದು ವರ್ಷಗಳ ಹಿಂದೆ, ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ, ಹಿಮಬಂಡಿಯಲ್ಲಿ ಬಂದ ಪೋಲೆಂಡಿನ ಯಹೂದಿ ವರ್ತಕನೊಬ್ಬನನ್ನು ಅವನು ಚಿನ್ನಕ್ಕಾಗಿ ಕೊಂದು, ದೇಹವನ್ನು ಸುಣ್ಣದ ಗೂಡಿನಲ್ಲಿ ಸುಟ್ಟಿದ್ದಾನೆ. ಆ ಚಿನ್ನದಿಂದಲೇ ಇವನ ಐಶ್ವರ್ಯ. ಯಾರಿಗೂ ಸಂಶಯವಿಲ್ಲ. ಈಗ ಮಗಳ ಮದುವೆ ಸಮೀಪಿಸಿದೆ. ಆದರೆ ಸತ್ತವನ ಕುದುರೆಯ ಕೊರಳ ಗಂಟೆಗಳ ಕಿಂಕಿಣಿ ಮಥಿಯಾಸನ ಕಿವಿಗೆ ಮಾತ್ರ ಕೇಳಿಸುತ್ತಿದೆ. ಮದುವೆಯ ಹಿಂದಿನ ರಾತ್ರಿ ಅವನಿಗೆ ಕನಸಿನಲ್ಲಿ ನ್ಯಾಯಾಲಯವೊಂದು ಕಾಣಿಸಿಕೊಳ್ಳುತ್ತದೆ, ಸಮ್ಮೋಹನವಿದ್ಯೆ ಬಲ್ಲವನೊಬ್ಬನು ಅವನನ್ನು ನಿದ್ರೆಗೊಳಪಡಿಸಿ, ಕೊಲೆಯನ್ನು ಅವನಿಂದಲೇ ಮತ್ತೊಮ್ಮೆ ಅಭಿನಯಿಸಿ ತೋರಿಸುವಂತೆ ಮಾಡುತ್ತಾನೆ, ನೇಣಿನ ಶಿಕ್ಷೆಯಾಗುತ್ತದೆ. ಬೆಳಗ್ಗೆ ಅವನು ಕೊರಳನ್ನು ಹಿಡಿದುಕೊಂಡು, ಇಲ್ಲದ ಹಗ್ಗವನ್ನು ಬಿಚ್ಚಲು ಬೇಡುತ್ತ, ಮನೆಯವರ ಕಣ್ಣೆದುರಿಗೆ ಸಾಯುತ್ತಾನೆ. ಅವನ ಅಪರಾಧವು ಆಗಲೂ ಅವರಿಗೆ ತಿಳಿಯುವುದಿಲ್ಲ.

ಓದಿದರೆ ಇದು ಒಂದು ಸಾಧಾರಣವಾದ ರೋಮಾಂಚಕ ನಾಟಕ. ಇರ್ವಿಂಗನು ಇದರಲ್ಲಿ ಏನು ಮಾಡಿದನೆಂಬುದನ್ನು, ಮುಂದೆ ಅವನ ಕೈಕೆಳಗೆ ನಟನಾಗಿದ್ದ ಗಾರ್ಡನ್ ಕ್ರೇಗನು ತನ್ನ ಗ್ರಂಥದಲ್ಲಿ ಸಾವಧಾನವಾಗಿ ವರ್ಣಿಸಿದ್ದಾನೆ. ಮಥಿಯಾಸನು ಹಿಮದಿಂದ ಒಳಗೆ ಬಂದು, ಕುಳಿತು, ಬೂಟುಗಳನ್ನು ತೆಗೆದು, ಮನೆಯ ಪಾದರಕ್ಷೆಗಳ ಕೊಂಡಿಗಳನ್ನು ಹಾಕಿಕೊಳ್ಳುತ್ತಿದ್ದಾನೆ. ನೆರೆಯವರು ಚಳಿಯ ಮಾತನ್ನಾಡುತ್ತಾರೆ; ಇಂತಹ ಹಿಮವನ್ನು ಆ ಯಹೂದಿ ಬಂದಿದ್ದ ವರ್ಷ ಬಿಟ್ಟರೆ ಕಂಡಿಲ್ಲವೆಂದು ಒಬ್ಬನು ಸಹಜವಾಗಿ ಹೇಳುತ್ತಾನೆ. ಕೊಂಡಿಯ ಮೇಲೆ ಆಡುತ್ತಿದ್ದ ಬೆರಳುಗಳು ಅಲ್ಲಿಯೇ ನಿಂತುಬಿಡುತ್ತವೆ. ಇರ್ವಿಂಗನು ಬೆಚ್ಚುವುದಿಲ್ಲ, ಬಡಬಡಿಸುವುದಿಲ್ಲ. ಬಾಗಿದ ಮೈ ಬಾಗಿದಂತೆಯೇ ಇರುತ್ತದೆ. ಜೀವವು ಕೈಗಳಿಂದ ಹಿಂದೆ ಸರಿದಂತೆ ತೋರುತ್ತದೆ. ಅನಂತರ ಬಹಳ ನಿಧಾನವಾಗಿ, ಕೈಗಳು ಮೊಣಕಾಲಿನ ಮೇಲೆ ತೆವಳಿಕೊಂಡು ಮೇಲಕ್ಕೆ ಬರುತ್ತವೆ, ಮುಖವು ಮೇಲಕ್ಕೆ ಏಳುತ್ತದೆ, ದೂರದ ಗಂಟೆಗಳ ಸದ್ದನ್ನು ಕೇಳುತ್ತಿರುವ ಕಣ್ಣುಗಳು ಕಾಣುತ್ತವೆ. ನೆರೆಯವರಿಗೆ ಏನೂ ಕೇಳಿಸದು. ಪ್ರೇಕ್ಷಕನಿಗೆ ಮಾತ್ರ ಕೇಳಿಸುತ್ತದೆ. ಅಂದರೆ, ಆ ಕ್ಷಣದಲ್ಲಿ ಪ್ರೇಕ್ಷಕನು ಕೊಲೆಗಾರನ ತಲೆಯೊಳಗೆ ಕುಳಿತಿರುತ್ತಾನೆ. ಕಂಠವೈಭವವಿದ್ದ ಹಿಂದಿನ ತಲೆಮಾರಿನ ನಟರು ಕವಿಯ ವಾಕ್ಯಗಳ ಮೇಲೆ ಸವಾರಿ ಮಾಡುತ್ತಿದ್ದರು; ಆ ಸೌಭಾಗ್ಯವಿಲ್ಲದ ಇರ್ವಿಂಗನು ಎರಡು ವಾಕ್ಯಗಳ ನಡುವೆ ಮನಸ್ಸು ಮಾಡುವ ಕೆಲಸವನ್ನು ತನ್ನ ಕ್ಷೇತ್ರವನ್ನಾಗಿ ಆರಿಸಿಕೊಂಡನು. ಅವನಿಗಿದ್ದ ಸಂಪತ್ತು ಎರಡೇ: ನೀಳವಾದ, ವಿವರ್ಣವಾದ, ಯಾವ ಭಾವವನ್ನಾದರೂ ಹೊರಬಲ್ಲ ಮುಖ, ಮತ್ತು ಆ ಕೈಗಳು.

ಆ ರಾತ್ರಿ ಅವನು ಪ್ರಸಿದ್ಧನಾದನು. ಅದೇ ರಾತ್ರಿ ಅವನ ಸಂಸಾರವೂ ಮುರಿಯಿತು. ಇರ್ವಿಂಗನು 1869ರಲ್ಲಿ ಸೈನ್ಯಾಧಿಕಾರಿಯೊಬ್ಬನ ಮಗಳಾದ ಫ್ಲಾರೆನ್ಸ್ ಒಕಲಹನ್ ಎಂಬುವಳನ್ನು ಮದುವೆಯಾಗಿದ್ದನು. ಆಕೆಗೆ ಈ ವೃತ್ತಿಯಲ್ಲಿ ಗೌರವವಿರಲಿಲ್ಲ. ವಿಜಯೋತ್ಸವದ ಭೋಜನದಿಂದ ಗಾಡಿಯಲ್ಲಿ ಮನೆಗೆ ಹಿಂದಿರುಗುತ್ತಿದ್ದಾಗ, ಹೀಗೆ ಬಾಳೆಲ್ಲ ಕೋಡಂಗಿಯಾಗಿಯೇ ಇರುವೆಯಾ ಎಂಬರ್ಥದ ಮಾತನ್ನು ಆಕೆ ಆಡಿದಳಂತೆ. ಹೈಡ್ ಪಾರ್ಕಿನ ಮೂಲೆಯಲ್ಲಿ ಇರ್ವಿಂಗನು ಗಾಡಿಯನ್ನು ನಿಲ್ಲಿಸಿ, ಏನನ್ನೂ ಹೇಳದೆ ಇಳಿದುಹೋದನೆಂದೂ ಮತ್ತೆಂದೂ ಆ ಮನೆಗೆ ಹಿಂದಿರುಗಲಿಲ್ಲವೆಂದೂ ಅವನ ಚರಿತ್ರಕಾರರು ಬರೆದಿದ್ದಾರೆ. ಒಬ್ಬ ಮಗನು ಆಗ ಹಸುಗೂಸು; ಇನ್ನೊಬ್ಬನು ಮರುತಿಂಗಳು ಹುಟ್ಟಿದನು. ವಿಚ್ಛೇದನವಾಗಲಿಲ್ಲ, ಹಣವನ್ನು ತಪ್ಪದೆ ಕಳುಹಿಸುತ್ತಿದ್ದನು. ತಾಯಿಯ ತಿರಸ್ಕಾರದ ನಡುವೆ ಬೆಳೆದ ಮಕ್ಕಳಿಬ್ಬರೂ ಮುಂದೆ ನಟರೇ ಆದರೆಂಬುದು ವಿಧಿಯ ವಿನೋದ.

1874ರ ಅಕ್ಟೋಬರಿನಲ್ಲಿ ಅವನು ಹ್ಯಾಮ್ಲೆಟನಾದಾಗ, ಮೊದಲೆರಡು ಅಂಕಗಳವರೆಗೆ ಸಭೆಯು ಏನೂ ತೋಚದೆ ಸುಮ್ಮನೆ ಕುಳಿತಿತ್ತಂತೆ. ಗುಡುಗುವ ರಾಜಕುಮಾರನನ್ನು ನಿರೀಕ್ಷಿಸಿ ಬಂದವರಿಗೆ ತನ್ನೊಳಗೆ ತಾನೇ ಚಿಂತಿಸುವ ತರುಣನೊಬ್ಬನು ಕಂಡನು. ಒಫೀಲಿಯಳೊಡನೆ ನಡೆಯುವ ದೃಶ್ಯದಲ್ಲಿ ಸಭೆಯು ಒಮ್ಮೆಲೇ ಅವನ ವಶವಾಯಿತು. ನಾಟಕವು ಎಡೆಬಿಡದೆ 200 ರಾತ್ರಿಗಳು ನಡೆಯಿತು. ಮರುವರ್ಷ ಬೇಟ್‌ಮನ್ನನು ತೀರಿಕೊಂಡನು. 1878ರಲ್ಲಿ ಅವನ ಹೆಂಡತಿಯಿಂದ ಗುತ್ತಿಗೆಯು ಇರ್ವಿಂಗನ ಕೈಗೆ ಬಂದಿತು.

ನಮ್ಮ ಕಂಪನಿ ನಾಟಕಗಳನ್ನು ಕಂಡವರಿಗೆ, ಯಜಮಾನನೂ ಮುಖ್ಯನಟನೂ ಒಬ್ಬನೇ ಆಗಿರುವ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ವಿವರಿಸದೆಯೇ ತಿಳಿಯುತ್ತದೆ. ಇರ್ವಿಂಗನು ಇಂತಹ ಯಜಮಾನನಾಗಿದ್ದನು. ಪರದೆಯ ಬಣ್ಣದಿಂದ ಹಿಡಿದು ಗುಂಪಿನ ಕೊನೆಯ ಸಾಲಿನ ಭಟನ ನಿಲುವಿನವರೆಗೆ ಎಲ್ಲವೂ ಅವನ ಕಣ್ಣಿನ ಕೆಳಗೇ ಆಗಬೇಕು. ವ್ಯವಹಾರವನ್ನು ನೋಡಿಕೊಳ್ಳಲು ಡಬ್ಲಿನ್ನಿನ ಸರ್ಕಾರಿ ನೌಕರನೊಬ್ಬನನ್ನು ಕರೆಸಿಕೊಂಡನು. ಎರಡು ವರ್ಷಗಳ ಹಿಂದೆ, ಭೋಜನದ ನಂತರ ಇರ್ವಿಂಗನು ಥಾಮಸ್ ಹುಡ್ ಕವಿಯು ಕೊಲೆಗಾರನೊಬ್ಬನನ್ನು ಕುರಿತು ಬರೆದ ಕವಿತೆಯನ್ನು ವಾಚಿಸಿದಾಗ ಮೈಮರೆತು ಬಿಕ್ಕಿ ಅತ್ತಿದ್ದ ಆ ಮನುಷ್ಯನ ಹೆಸರು ಬ್ರಾಮ್ ಸ್ಟೋಕರ್. ಮುಂದೆ 1897ರಲ್ಲಿ ‘ಡ್ರಾಕುಲ’ ಕಾದಂಬರಿಯನ್ನು ಬರೆದವನು ಇವನೇ. ರಕ್ತಪಾಯಿಯಾದ ಆ ಪ್ರಭುವಿನ ನೀಳಮುಖದಲ್ಲಿಯೂ ಆಜ್ಞಾಪಿಸುವ ಗಾಂಭೀರ್ಯದಲ್ಲಿಯೂ ಸ್ಟೋಕರನ ಯಜಮಾನನನ್ನು ಹಲವರು ಗುರುತಿಸಿದ್ದಾರೆ. ಇಪ್ಪತ್ತೇಳು ವರ್ಷ ಹಗಲಿರುಳು ಒಬ್ಬನ ಸೇವೆಯಲ್ಲಿದ್ದವನಿಗೆ ಅಂತಹ ಕಲ್ಪನೆ ಬಂದಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ.

ಅವನ ನಿಜವಾದ ಭಾಗ್ಯವೆಂದರೆ ಎಲೆನ್ ಟೆರಿ. ನಟರ ಮನೆತನದಲ್ಲಿ ಹುಟ್ಟಿದ ಆಕೆಗೆ, ಇರ್ವಿಂಗನಿಗೆ ಪ್ರಕೃತಿಯು ನಿರಾಕರಿಸಿದುದೆಲ್ಲವೂ ಹುಟ್ಟಿನಿಂದಲೇ ಲಭ್ಯವಾಗಿತ್ತು: ಇಂಪಾದ ಕಂಠ, ಹರಿಯುವ ನೀರಿನಂತಹ ಚಲನೆ, ನಗು. 1878ರ ಡಿಸೆಂಬರ್ 30ರಂದು ಆಕೆ ಅವನ ಒಫೀಲಿಯಳಾದಳು. ಮುಂದೆ ಪೋರ್ಷಿಯ, ಬೀಟ್ರಿಸ್, ಲೇಡಿ ಮ್ಯಾಕ್‌ಬೆತ್ ಎಲ್ಲವೂ ಆಕೆಯೇ. ಒಫೀಲಿಯಳ ಹುಚ್ಚಿನ ದೃಶ್ಯಕ್ಕೆ ಆಕೆ ಕಪ್ಪು ಉಡುಪನ್ನು ಯೋಜಿಸಿದ್ದಳು. ಇರ್ವಿಂಗನು ಬೇಡವೆನ್ನಲಿಲ್ಲ, ತಲೆತೂಗಿ ಕೇಳಿದನು. ಆಮೇಲೆ ಅನುಭವಸ್ಥನಾದ ಹಳೆಯ ನಟನೊಬ್ಬನು ಗಾಬರಿಯಿಂದ ಆಕೆಗೆ ತಿಳಿಸಿದುದೇನೆಂದರೆ, ಈ ನಾಟಕದಲ್ಲಿ ಕರಿಯ ಉಡುಪಿನವನು ಒಬ್ಬನೇ, ಅವನು ಹ್ಯಾಮ್ಲೆಟ್. ಟೆರಿ ಬಿಳಿಯನ್ನುಟ್ಟಳು. ಈ ಪ್ರಸಂಗವನ್ನು ಆಕೆಯೇ ತನ್ನ ಆತ್ಮಕಥೆಯಲ್ಲಿ ನಗುತ್ತ ಹೇಳಿಕೊಂಡಿದ್ದಾಳೆ. ನಗಲಾರದ ನಷ್ಟವೊಂದೂ ಇದೆ: ಶೇಕ್ಸ್‌ಪಿಯರನ ರಾಸಲಿಂಡಳ ಪಾತ್ರಕ್ಕೆಂದೇ ಹುಟ್ಟಿದಂತಿದ್ದ ಆಕೆಗೆ ಆ ಪಾತ್ರವು ಎಂದೂ ದೊರೆಯಲಿಲ್ಲ, ಏಕೆಂದರೆ ಆ ನಾಟಕದಲ್ಲಿ ಇರ್ವಿಂಗನಿಗೆ ತಕ್ಕ ಪಾತ್ರವಿರಲಿಲ್ಲ.

ಲೈಸಿಯಮ್ಮಿನ ಬೆಳಕಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಯಜಮಾನನ ಪ್ರತಿಭೆಯು ಅಭಿನಯದಷ್ಟೇ ಇದರಲ್ಲಿಯೂ ಪ್ರಕಟವಾಗಿತ್ತು. ಆ ಕಾಲದ ನಾಟಕಶಾಲೆಗಳಲ್ಲಿ ಪ್ರೇಕ್ಷಕರ ಭಾಗವೂ ದೀಪಗಳಿಂದ ಬೆಳಗುತ್ತಲೇ ಇರುವುದು ರೂಢಿ. ನಾಟಕಕ್ಕೆ ಬರುವವರಲ್ಲಿ ಅರ್ಧ ಜನ ಪರಸ್ಪರ ನೋಡಲು ಬರುವವರಷ್ಟೆ. ಇರ್ವಿಂಗನು ಸಭಾಂಗಣವನ್ನು ಕತ್ತಲೆಗೊಳಿಸಿದನು. ರಂಗದ ಗ್ಯಾಸ್ ದೀಪಗಳನ್ನು ಬೇರೆಬೇರೆ ಗುಂಪುಗಳಾಗಿ ವಿಂಗಡಿಸಿ, ಒಂದೊಂದನ್ನೂ ಪ್ರತ್ಯೇಕವಾಗಿ ಏರಿಸಿ ಇಳಿಸುವಂತೆ ಮಾಡಿ, ಬಣ್ಣ ಬಳಿದ ಗಾಜುಗಳ ಮೂಲಕ ಬೆಳಕನ್ನು ಹಾಯಿಸಿದನು. ಸುಣ್ಣದ ತುಂಡನ್ನು ಆಮ್ಲಜನಕ ಜಲಜನಕಗಳ ಜ್ವಾಲೆಯಲ್ಲಿ ಕಾಯಿಸಿ ಹೊರಡಿಸುವ ಲೈಮ್‌ಲೈಟೆಂಬ ತೀಕ್ಷ್ಣಪ್ರಭೆಯು ಕತ್ತಲೆಯ ನಡುವೆ ಒಂದು ಮುಖವನ್ನೋ ಒಂದು ಕೈಯನ್ನೋ ಹುಡುಕಿ ಹಿಡಿಯುತ್ತಿತ್ತು. ಪಾದರಕ್ಷೆಯ ಕೊಂಡಿಯ ಮೇಲೆ ನಿಂತ ಮಥಿಯಾಸನ ಬೆರಳುಗಳು ಮೇಲಂತಸ್ತಿನ ಕೊನೆಯ ಬೆಂಚಿನಲ್ಲಿ ಕುಳಿತವನಿಗೂ ಕಾಣಬೇಕಾದರೆ ಬೇರೆ ಉಪಾಯವೇನಿತ್ತು? 1885ರಲ್ಲಿ ಆಡಿದ ‘ಫೌಸ್ಟ್’ನಲ್ಲಿ ಕತ್ತಿವರಸೆಯ ದೃಶ್ಯಕ್ಕೆ ವಿದ್ಯುತ್ತಿನ ಕಿಡಿಗಳನ್ನು ತರಿಸಿ ಜನರನ್ನು ಬೆರಗುಗೊಳಿಸಿದವನೂ ಅವನೇ. ಆದರೂ ವಿದ್ಯುದ್ದೀಪಗಳ ಕಾಲ ಬಂದಮೇಲೆ, ಗ್ಯಾಸ್ ಬೆಳಕಿಗಿದ್ದ ಸಾಂದ್ರವಾದ ಮಾರ್ದವವು ಅವಕ್ಕಿಲ್ಲವೆಂದು ಟೆರಿಯೂ ಅವನೂ ಹಳೆಯದಕ್ಕೇ ಅಂಟಿಕೊಂಡರು.

1879ರ ನವೆಂಬರಿನಲ್ಲಿ ಪ್ರಾರಂಭವಾಗಿ 250 ರಾತ್ರಿಗಳು ನಡೆದ ‘ವೆನಿಸ್ಸಿನ ವರ್ತಕ’ದಲ್ಲಿ ಈ ಎಲ್ಲ ಕೌಶಲವೂ ಏಕತ್ರ ಸೇರಿತು. ಶೈಲಾಕನು ಬಹುಕಾಲ ಇಂಗ್ಲಿಷ್ ರಂಗದಲ್ಲಿ ನಗೆಪಾಟಲಿನ ಜಿಪುಣ. ಅನಂತರ ಎಡ್ಮಂಡ್ ಕೀನನಂತಹವರ ಕೈಯಲ್ಲಿ ಉಗ್ರಮೂರ್ತಿ. ಇರ್ವಿಂಗನ ಶೈಲಾಕನು, ತನ್ನನ್ನು ಹೀಯಾಳಿಸುವವರಿಗಿಂತ ಹೆಚ್ಚು ಕುಲೀನನಾದ ಒಬ್ಬ ವೃದ್ಧ. ಆ ವರ್ಷ ಮೆಡಿಟರೇನಿಯನ್ ಸಮುದ್ರಯಾನದಲ್ಲಿ ತಾನು ಕಂಡ ಯಹೂದಿ ವರ್ತಕರ ಘನತೆಯೇ ಇದಕ್ಕೆ ಪ್ರೇರಣೆಯೆಂದು ಅವನು ಹೇಳುತ್ತಿದ್ದನು. ಮಗಳು ಜೆಸಿಕ ಪ್ರಿಯನೊಡನೆ ಓಡಿಹೋಗುವ ದೃಶ್ಯವು ಮುಖವಾಡ ಧರಿಸಿದವರ ಕೋಲಾಹಲದಲ್ಲಿ ಮುಗಿದು ತೆರೆ ಬೀಳುತ್ತದೆ. ಕ್ಷಣಕಾಲದ ನಂತರ ತೆರೆ ಮತ್ತೆ ಏಳುತ್ತದೆ: ಖಾಲಿಯಾದ ಬೀದಿ, ಸೇತುವೆ, ಕೈಯಲ್ಲಿ ಲಾಂದ್ರ ಹಿಡಿದು ಶೈಲಾಕನು ಔತಣದಿಂದ ಹಿಂದಿರುಗುತ್ತಿದ್ದಾನೆ. ಬಂದು ತನ್ನ ಮನೆಯ ಬಾಗಿಲನ್ನು ತಟ್ಟುತ್ತಾನೆ. ಒಳಗೆ ಯಾರೂ ಇಲ್ಲವೆಂಬುದು ಪ್ರೇಕ್ಷಕರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮತ್ತೆ ತೆರೆ. ಶೇಕ್ಸ್‌ಪಿಯರನ ಪಠ್ಯದಲ್ಲಿ ಇದಾವುದೂ ಇಲ್ಲ; ಒಂದು ಅಕ್ಷರವನ್ನೂ ಸೇರಿಸದೆ ಇರ್ವಿಂಗನು ನಾಟಕದ ತಕ್ಕಡಿಯನ್ನು ಶೈಲಾಕನ ಕಡೆಗೆ ವಾಲಿಸಿಬಿಟ್ಟನು. ಪಂಡಿತರು ಆಕ್ಷೇಪಿಸಿದರು. ನನಗೂ, ಓದುಗನಾಗಿ, ಅದು ಕವಿಗೆ ಮಾಡಿದ ಅನ್ಯಾಯವೆಂದು ತೋರುತ್ತದೆ. ನೋಡಲು ಅವಕಾಶವಿದ್ದಿದ್ದರೆ ತೋರುತ್ತಿತ್ತೋ ಇಲ್ಲವೋ ಹೇಳಲಾರೆ.

ನಟನು ತಾನು ಅಭಿನಯಿಸುವ ಭಾವವನ್ನು ಅನುಭವಿಸಬೇಕೇ ಎಂಬ ಚರ್ಚೆಯಲ್ಲಿಯೂ ಇರ್ವಿಂಗನು ಪಾಲುಗೊಂಡನು. ಶ್ರೇಷ್ಠನಟನು ಏನನ್ನೂ ಅನುಭವಿಸದೆ ಎಲ್ಲವನ್ನೂ ಲೆಕ್ಕಹಾಕಿ ತೋರಿಸುತ್ತಾನೆಂದು ಫ್ರೆಂಚ್ ತತ್ತ್ವಜ್ಞ ದಿದರೋ ವಾದಿಸಿದ್ದನು. ಆ ಪ್ರಬಂಧದ ಇಂಗ್ಲಿಷ್ ಅನುವಾದಕ್ಕೆ 1883ರಲ್ಲಿ ಮುನ್ನುಡಿ ಬರೆದ ಇರ್ವಿಂಗನು, ಗ್ರಂಥಕರ್ತನನ್ನೇ ವಿನಯದಿಂದ ಖಂಡಿಸಿದನು. ಕೊಕ್ಲಾನನೆಂಬ ಪ್ರಖ್ಯಾತ ಫ್ರೆಂಚ್ ನಟನು ದಿದರೋನ ಪಕ್ಷವಹಿಸಿ ಬರೆದಾಗ ಅವನಿಗೂ ಉತ್ತರಕೊಟ್ಟನು. ನಟನಿಗೆ ಎರಡು ಪ್ರಜ್ಞೆಗಳಿರುತ್ತವೆ. ಒಂದು ಭಾವದಲ್ಲಿ ಮುಳುಗಿರುವಾಗಲೂ ಇನ್ನೊಂದು ದಡದಲ್ಲಿ ನಿಂತು ಎಚ್ಚರದಿಂದ ನೋಡುತ್ತಿರುತ್ತದೆ ಎಂಬುದು ಅವನ ಅಭಿಪ್ರಾಯದ ತಾತ್ಪರ್ಯ. ರಸವು ನಟನಲ್ಲಿದೆಯೋ ಸಹೃದಯನಲ್ಲಿದೆಯೋ ಎಂದು ಭಟ್ಟಲೊಲ್ಲಟನಿಂದ ಅಭಿನವಗುಪ್ತನವರೆಗೆ ನಡೆದ ವಾದವನ್ನು ಬಲ್ಲವರಿಗೆ ಈ ಯೂರೋಪಿನ ಜಗಳವು ಅಪರಿಚಿತವೆನಿಸದು. ಆ ಪ್ರಾಚೀನರು ಮಥಿಯಾಸನ ಬೆರಳುಗಳನ್ನು ಕಂಡಿದ್ದರೆ ಸಾತ್ತ್ವಿಕಾಭಿನಯದ ವಿಷಯದಲ್ಲಿ ಇನ್ನೂ ಒಂದು ಪುಟವನ್ನು ಬರೆಯುತ್ತಿದ್ದರೋ ಏನೋ.

ಹದಿನಾರನೆಯ ಶತಮಾನದ ಇಂಗ್ಲೆಂಡಿನ ಶಾಸನವೊಂದು, ಪ್ರಭುಗಳ ಆಶ್ರಯವಿಲ್ಲದ ನಟರನ್ನು ಅಲೆಮಾರಿಗಳ ಮತ್ತು ಪೋಕರಿಗಳ ಪಂಕ್ತಿಯಲ್ಲಿ ಎಣಿಸಿತ್ತು; ಶಾಸನವು ಹೋದರೂ ಮನೋಭಾವವು ಉಳಿದಿತ್ತು. 1883ರಲ್ಲಿ ಪ್ರಧಾನಮಂತ್ರಿ ಗ್ಲ್ಯಾಡ್‌ಸ್ಟನ್ನನು ಸೂಚಿಸಿದ ನೈಟ್ ಪದವಿಯನ್ನು ಇರ್ವಿಂಗನು ಒಲ್ಲೆನೆಂದನು. 1895ರಲ್ಲಿ ಒಪ್ಪಿಕೊಂಡನು, ಆ ಜುಲೈಯಲ್ಲಿ ವಿಂಡ್ಸರ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯು ಇಂಗ್ಲೆಂಡಿನ ನಟನೊಬ್ಬನಿಗೆ ಮೊಟ್ಟಮೊದಲ ಬಾರಿಗೆ ಸರ್ ಎಂಬ ಬಿರುದನ್ನಿತ್ತಳು. ಮೊದಲಿನ ನಿರಾಕರಣೆಯೂ ಆಮೇಲಿನ ಸ್ವೀಕಾರವೂ ವೃತ್ತಿಯ ಮರ್ಯಾದೆಯನ್ನು ಲೆಕ್ಕಹಾಕಿ ಇಟ್ಟ ಹೆಜ್ಜೆಗಳೇ ಎಂದು ನಾನು ತಿಳಿದಿದ್ದೇನೆ.

ಇದೇ ವರ್ಷ, ‘ಸ್ಯಾಟರ್‌ಡೇ ರಿವ್ಯೂ’ ಪತ್ರಿಕೆಗೆ ಹೊಸ ನಾಟಕ ವಿಮರ್ಶಕನೊಬ್ಬನು ಬಂದನು: ಬರ್ನಾರ್ಡ್ ಷಾ. ಅವನ ದೂರು ನೇರವಾದುದು. ಐರೋಪ್ಯ ನಾಟಕವು ಇಬ್ಸೆನ್ನನಿಂದ ಹೊಸ ಜನ್ಮ ಪಡೆಯುತ್ತಿರುವಾಗ, ದೇಶದ ಅತ್ಯಂತ ಸಮರ್ಥನಾದ ನಟನು ಶೇಕ್ಸ್‌ಪಿಯರನನ್ನು ತನ್ನ ಅಳತೆಗೆ ಕತ್ತರಿಸುತ್ತ, ಉಳಿದ ಕಾಲದಲ್ಲಿ ಸತ್ತ್ವಹೀನವಾದ ನಾಟಕಗಳಿಗೆ ಚಿತ್ರವಿಚಿತ್ರವಾದ ಪರದೆಗಳನ್ನು ಬರೆಯಿಸುತ್ತಿದ್ದಾನೆ. ಎಲೆನ್ ಟೆರಿಯನ್ನು ಆ ಪರದೆಗಳ ಮುಂದೆ ನಿಲ್ಲಿಸಿ ವ್ಯರ್ಥಗೊಳಿಸುತ್ತಿದ್ದಾನೆ. ಷಾನ ಮಾತನ್ನು ಅಲ್ಲಗಳೆಯುವುದು ಕಷ್ಟ. ಇರ್ವಿಂಗನು ಮೆರೆಸಿದ ಸಮಕಾಲೀನ ನಾಟಕಗಳಲ್ಲಿ ಇಂದು ಓದಿಸಿಕೊಳ್ಳುವುದು ಒಂದೂ ಇಲ್ಲ. ಆದರೆ ಬರಹದ ನಡುವಣ ಬಯಲಿನಲ್ಲಿ ತನ್ನ ಕಲೆಯನ್ನು ಬೆಳೆಸಿದವನಿಗೆ, ಪ್ರತಿಯೊಂದು ವಾಕ್ಯವನ್ನೂ ವಾದದಿಂದ ಕಿಕ್ಕಿರಿಸುವ ಹೊಸ ನಾಟಕಕಾರನು ಕಾಲಿಡಲು ಜಾಗವನ್ನೇ ಬಿಡುತ್ತಿರಲಿಲ್ಲ. ಕೆಟ್ಟ ನಾಟಕವು ಇರ್ವಿಂಗನಿಗೆ ಒಂದು ಅನುಕೂಲವಾಗಿತ್ತು; ಅದನ್ನು ಅವನು ಸ್ವತಃ ತುಂಬಬಹುದಾಗಿತ್ತು.

ಅವನತಿಯು ಒಂದರ ಹಿಂದೊಂದಾಗಿ ಬಂದಿತು. 1896ರ ಡಿಸೆಂಬರಿನಲ್ಲಿ ಮೂರನೆಯ ರಿಚರ್ಡನಾಗಿ ಜಯಗಳಿಸಿದ ರಾತ್ರಿಯೇ ಮೊಣಕಾಲಿಗೆ ಪೆಟ್ಟುಬಿದ್ದು ವಾರಗಟ್ಟಲೆ ಮಂದಿರ ಸೊರಗಿತು. 1898ರ ಫೆಬ್ರವರಿಯಲ್ಲಿ, ರೈಲ್ವೆ ಕಮಾನುಗಳ ಕೆಳಗಿನ ಉಗ್ರಾಣಕ್ಕೆ ಬೆಂಕಿ ಹತ್ತಿ 44 ನಾಟಕಗಳ ಪರದೆಗಳೂ ರಂಗಸಜ್ಜೆಗಳೂ ಬೂದಿಯಾದವು. ಖರ್ಚನ್ನು ಕಡಮೆಮಾಡಲೆಂದು ಅವುಗಳ ವಿಮೆಯನ್ನು ಅಲ್ಪಕಾಲಕ್ಕೆ ಮುಂಚೆ ಇಳಿಸಲಾಗಿತ್ತು. ಅದೇ ವರ್ಷದ ಕೊನೆಗೆ ಗ್ಲಾಸ್ಗೋದಲ್ಲಿ ಶ್ವಾಸಕೋಶದ ಕಾಯಿಲೆ. ಕೊನೆಗೆ ಲೈಸಿಯಂ ಒಂದು ಪಾಲುಗಾರರ ಸಂಸ್ಥೆಯ ವಶವಾಯಿತು. 1902ರ ಜುಲೈಯಲ್ಲಿ ಟೆರಿಯೊಡನೆ ಶೈಲಾಕನಾಗಿ ಅಲ್ಲಿ ಕೊನೆಯ ಸಲ ಕಾಣಿಸಿಕೊಂಡ ಮೇಲೆ ಅರುವತ್ತು ದಾಟಿದ ನಟನು ಮತ್ತೆ ಊರೂರು ತಿರುಗಲು ಹೊರಟನು.

1905ರ ಅಕ್ಟೋಬರ್ 12ರಂದು ಬ್ರ್ಯಾಡ್‌ಫರ್ಡ್ ಪಟ್ಟಣದಲ್ಲಿ ಅವನು ‘ದಿ ಬೆಲ್ಸ್’ ಆಡಿದನು. ಆ ಪಾತ್ರವು ಅವನ ಹೃದಯವನ್ನು ಎಷ್ಟು ದಣಿಸುತ್ತಿತ್ತೆಂಬುದನ್ನು ಕಂಡಿದ್ದ ಸಂಗಡಿಗರು, ಇನ್ನು ಅದನ್ನು ಆಡಿಸಲೇಕೂಡದೆಂದು ನಿಶ್ಚಯಿಸಿ ಅದರ ಸಾಮಗ್ರಿಯನ್ನೆಲ್ಲ ಲಂಡನ್ನಿಗೆ ಹಿಂದೆ ಕಳುಹಿಸಿದರು. ಮರುದಿನ ಟೆನ್ನಿಸನ್ನನ ‘ಬೆಕೆಟ್’. ಕೊಲೆಯಾಗುವ ಆರ್ಚ್‌ಬಿಷಪ್ಪನು ತನ್ನ ಆತ್ಮವನ್ನು ದೇವರ ಕೈಗೊಪ್ಪಿಸುವ ಮಾತುಗಳೇ ಅವನು ರಂಗದ ಮೇಲೆ ಆಡಿದ ಕೊನೆಯ ಮಾತುಗಳು. ವಸತಿಗೃಹಕ್ಕೆ ಹಿಂದಿರುಗಿ, ಅದರ ಮೊಗಸಾಲೆಯಲ್ಲಿಯೇ ಕುಸಿದು ಪ್ರಾಣಬಿಟ್ಟನು. ಚಿತಾಭಸ್ಮವನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ಹಿಂದಿನ ಕಾಲದ ನಟ ಗ್ಯಾರಿಕ್ಕನ ಸಮಾಧಿಯ ಪಕ್ಕದಲ್ಲಿ, ಶೇಕ್ಸ್‌ಪಿಯರನ ಶಿಲಾಮೂರ್ತಿಯ ಮುಂದೆ ಇರಿಸಿದರು. ಷಾನು ತನಗೆ ಬಂದ ಪ್ರವೇಶಪತ್ರವನ್ನು ಹಿಂದಿರುಗಿಸಿ, ಇರ್ವಿಂಗನ ಬಾಳಿನಲ್ಲಿ ಸ್ಥಾನವಿಲ್ಲದಿದ್ದ ಸಾಹಿತ್ಯಕ್ಕೆ ಅವನ ಶವಸಂಸ್ಕಾರದಲ್ಲಿಯೂ ಕೆಲಸವಿಲ್ಲವೆಂಬರ್ಥದ ಉತ್ತರವನ್ನು ಬರೆದನೆಂದು ಹೇಳುತ್ತಾರೆ.

ಸಾಹಿತ್ಯದ ಪರವಾಗಿ ಅದು ನ್ಯಾಯವಾದ ತೀರ್ಪೇ ಇರಬಹುದು. ರಂಗಭೂಮಿಯ ಪರವಾಗಿ ಸಾಕ್ಷ್ಯ ಹೇಳಿದವನು ಎಲೆನ್ ಟೆರಿಯ ಮಗನಾದ ಗಾರ್ಡನ್ ಕ್ರೇಗ್. ಲೈಸಿಯಮ್ಮಿನಲ್ಲಿ ಎಂಟು ವರ್ಷ ಸಣ್ಣಪುಟ್ಟ ಪಾತ್ರಗಳನ್ನು ಮಾಡಿ, ಬಣ್ಣದ ಪರದೆಗಳನ್ನೆಲ್ಲ ಕಿತ್ತೊಗೆದು, ಬೆಳಕು, ಚಲನೆ ಮತ್ತು ಖಾಲಿ ಆವರಣಗಳಿಂದಲೇ ನಾಟಕವನ್ನು ಕಟ್ಟಬಹುದೆಂದು ಯೂರೋಪಿಗೆಲ್ಲ ಸಾರಿದ ಈ ಬಂಡಾಯಗಾರನು, 1930ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಾನು ಕಂಡ ನಟರಲ್ಲೆಲ್ಲ ಇರ್ವಿಂಗನಿಗೆ ಸಮನಿಲ್ಲವೆಂದು ಹಳೆಯ ಯಜಮಾನನನ್ನು ಎತ್ತಿಹಿಡಿದನು. ಅವನ ನಡಿಗೆಯನ್ನು ನಕ್ಕವರಿಗೆ ಅಲ್ಲಿ ಕ್ರೇಗನು ಕೊಟ್ಟ ಉತ್ತರವೂ ಸ್ವಾರಸ್ಯವಾಗಿದೆ: ಬೀದಿಯಲ್ಲಿ ಇರ್ವಿಂಗನು ಎಲ್ಲರಂತೆಯೇ ಚೆನ್ನಾಗಿ ನಡೆಯುತ್ತಿದ್ದನು, ರಂಗವನ್ನೇರಿದೊಡನೆ ಆ ನಡಿಗೆಯು ನೃತ್ಯವಾಗುತ್ತಿತ್ತು.